ಅಜ್ಜನ ಲೆಕ್ಕ, ಲ್ಯಾಬಿನ ಲೆಕ್ಕ: ಉತ್ತರ ಕನ್ನಡದ ಕೃಷಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರದ ಅಡಿಕೆ ತೋಟ ಇರಲಿ, ಕುಮಟಾದ ಗಜನಿ ಗದ್ದೆ (ಉಪ್ಪುನೀರು ನುಗ್ಗುವ ಅಳಿವೆಯ ಗದ್ದೆ) ಇರಲಿ, ಕಾರವಾರದ ತೆಂಗಿನ ಹಿತ್ತಲು ಇರಲಿ, ಕೃಷಿಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರ. ಹಿರಿಯರು ಮಾಡಿಕೊಂಡು ಬಂದದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಊರು ಬಿಟ್ಟು ಹೋಗಿ ಈಗ ತೋಟಕ್ಕೆ ಮರಳಿದ ಹುಡುಗರಂತೂ ಇದನ್ನು ಜಾಸ್ತಿ ಕೇಳುತ್ತಾರೆ. ಸಣ್ಣ ಹಿಡುವಳಿ, ವಿಪರೀತ ಮಳೆ, ಆಳು ಸಿಗದ ಕಷ್ಟ ಇರುವ ನಮ್ಮಂಥವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇಲ್ಲಿ ಉತ್ತರ ಬರೆದಿದೆ.

ಅಜ್ಜ ಹೇಳಿದ್ದನ್ನು ನಂಬಬೇಕಾ, ವಿಜ್ಞಾನಿಗಳು ಹೇಳಿದ್ದನ್ನು ನಂಬಬೇಕಾ?

ಮೊದಲು ನಾವೆಲ್ಲ ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ಮದ್ದಿನ ಕತೆ ಕೇಳಿ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ರಸ್ತೆ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ರೋಗಕ್ಕಲ್ಲ, ಕಳ್ಳರಿಗೆ! ಆ ನೀಲಿ ಬಣ್ಣ ಕಂಡರೆ ದಾರಿಹೋಕರು ವಿಷ ಎಂದು ಹೆದರಿ ಹಣ್ಣು ಮುಟ್ಟುತ್ತಿರಲಿಲ್ಲ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಅಲ್ಲಿ ಓಡಾಡುವಾಗ ಒಂದು ವಿಚಿತ್ರ ಕಂಡರು. ಒಳಗಿನ ಸಾಲುಗಳ ಎಲೆ ಬೂಜು ರೋಗಕ್ಕೆ ಉದುರಿ ಹೋಗಿತ್ತು. ರಸ್ತೆ ಬದಿಯ ಸಾಲು ಮಾತ್ರ ಹಸಿರಾಗಿತ್ತು. ಎಷ್ಟು ತುತ್ತಕ್ಕೆ ಎಷ್ಟು ಸುಣ್ಣ ಎಂದು ಪರೀಕ್ಷೆ ಮಾಡಿ 1885ರಲ್ಲಿ ಅವರು ಅದನ್ನು ಪ್ರಕಟಿಸಿದರು.

ಮುಂದೆ ಅದನ್ನು ಅಡಿಕೆಗೆ ಒಗ್ಗಿಸಿದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿ ಅಡಿಕೆ ಕಾಯಿ ಕೊಳೆತು ಉದುರುವ ಮಲೆನಾಡಿನ ಕೊಳೆರೋಗದ ಬೆನ್ನು ಹತ್ತಿದರು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಆದರೆ ಕೊಳೆಗೆ ಪ್ರಾಂತದ ಗಡಿ ಎಲ್ಲಿಂದ ಗೊತ್ತಾಗಬೇಕು?

ಈಗ ಹೇಳಿ, ಬೋರ್ಡೋ ರೈತರದ್ದೋ ವಿಜ್ಞಾನಿಗಳದ್ದೋ? ಆ ಕತೆಯಲ್ಲಿ ಕೆಲಸ ಮಾಡಿದ್ದು ಎರಚದೇ ಬಿಟ್ಟ ಒಳಗಿನ ಸಾಲು. ಅದು ಇಲ್ಲದಿದ್ದರೆ ಹೋಲಿಸಿ ನೋಡಲು ಏನೂ ಇರುತ್ತಿರಲಿಲ್ಲ. ಹಾಗಾಗಿ ಯಾರೇ ಏನೇ ಹೇಳಿದರೂ ಕೇಳಬೇಕಾದ್ದು ಒಂದೇ: ಅದನ್ನು ಮಾಡದ ಸಾಲು ಪಕ್ಕದಲ್ಲಿ ಇತ್ತಾ?

ಅಡಿಕೆ ಕೊನೆಗೆ (ಗೊಂಚಲಿಗೆ) ಕೊಟ್ಟೆ (ಹೊದಿಕೆ) ಕಟ್ಟುವ ಹಳೆ ಪದ್ಧತಿ ಸುಮ್ನೆ ದಂಡವಾ?

ಖಂಡಿತ ಅಲ್ಲ. ಕೊಳೆ ತರುವ ಫೈಟಾಫ್ತೊರಾ ಎಂಬ ರೋಗಾಣು ನೀರಿನಲ್ಲಿ ಈಜುವ ಬೀಜಕಣಗಳಿಂದ ಹರಡುತ್ತದೆ. ಬಿಡದೆ ಹೊಯ್ಯುವ ಮಳೆ, ತಂಪು ಹವೆ, ಕಾಯಿಯ ಮೇಲೆ ನಿಂತ ನೀರು, ಇಷ್ಟು ಸಿಕ್ಕರೆ ಅದಕ್ಕೆ ಹಬ್ಬ. ಕೊನೆಗೆ ನೀರೇ ತಾಗದ ಹಾಗೆ ಮುಚ್ಚಿದರೆ ಅದು ಈಜುವುದೆಲ್ಲಿ? ಹಿರಿಯರಿಗೆ ಬೀಜಕಣ ಗೊತ್ತಿರಲಿಲ್ಲ, ನೀರು ತಾಗಿದ ಕೊನೆ ಕೊಳೆಯುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಇವತ್ತು ಪ್ಲಾಸ್ಟಿಕ್ ಕೊಟ್ಟೆ ಕಟ್ಟುವವರು ಮಾಡುವುದೂ ಅದನ್ನೇ.

ತೊಂದರೆ ಇರುವುದು ಕೆಲಸದವರದ್ದು. ಪ್ರತಿ ಮರ ಹತ್ತಿ ಪ್ರತಿ ಕೊನೆಗೆ ಕಟ್ಟಲು ಕೊನೆಗೌಡರು ಎಲ್ಲಿದ್ದಾರೆ? ಫೈಬರ್ ದೋಟಿಯಲ್ಲಿ ನೆಲದಿಂದಲೇ ಮದ್ದು ಹೊಡೆಯುವುದು ಬಂದ ಮೇಲೆ ಹಲವರು ಅತ್ತ ವಾಲಿದ್ದು ಸಹಜ. ಮದ್ದು ಹೊಡೆಸಿದರೂ ಪ್ರತಿ ವರ್ಷ ಮೊದಲು ಕೊಳೆ ಬರುವ ತಗ್ಗಿನ ಮರಗಳಿಗಾದರೂ ಕೊಟ್ಟೆ ಕಟ್ಟಿಸಬಹುದು. ಯಾವ ಮೂಲೆಯಲ್ಲಿ ಮೊದಲು ಕೊಳೆ ಬರುತ್ತದೆ ಎಂದು ಯಾವ ವಿಜ್ಞಾನಿಗೂ ಗೊತ್ತಿಲ್ಲ, ನಿಮ್ಮ ಅಪ್ಪಯ್ಯನಿಗೆ ಗೊತ್ತಿದೆ.

ಮದ್ದು ಹೊಡೆಸಿದರೂ ಕೊಳೆ ಬಂತು. ಬೋರ್ಡೋಗೆ ಈಗ ಶಕ್ತಿ ಇಲ್ವಾ?

ಮದ್ದಿನ ಶಕ್ತಿ ಅಲ್ಲಿಯೇ ಇದೆ, ಕಲಸುವುದರಲ್ಲಿ ಎಡವಟ್ಟು ಆಗಿರುತ್ತದೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ 50 ಲೀಟರಿನಲ್ಲಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಕದಡುತ್ತಾ ಸುರಿಯಬೇಕು. ಪ್ಲಾಸ್ಟಿಕ್ ಡ್ರಮ್ಮು ಆಗುತ್ತದೆ, ಕಬ್ಬಿಣದ್ದು ಬೇಡ. ಆಮೇಲೆ ಉಜ್ಜಿ ಹೊಳೆಯುವ ಚೂರಿಯನ್ನು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಕಲಸಿದ್ದನ್ನು ಅದೇ ದಿನ ಮುಗಿಸಿ. ನಾಳೆಗೆ ಇಟ್ಟರೆ ಅದು ಬರೀ ನೀಲಿ ನೀರು.

ಮೊದಲ ಮದ್ದು ಮಳೆ ಹಿಡಿಯುವ ಮೊದಲು ಆಗಬೇಕು. ಎರಡನೆಯದು ಸುಮಾರು 40–45 ದಿನಕ್ಕೆ. ಮಳೆ ಬಿಡುವು ಕೊಡದೆ ಎರಡನೆಯದು ತಡವಾದ ವರ್ಷವೇ ಕೊಳೆ ಜೋರು, ಅಲ್ವಾ? ಉದುರಿದ ಕೊಳೆ ಅಡಿಕೆಯನ್ನು ಆರಿಸಿ ತೋಟದಿಂದ ಹೊರಗೆ ಹಾಕುವುದನ್ನು ಹಿರಿಯರು ಬಿಡುತ್ತಿರಲಿಲ್ಲ. ಈಗ ಅದನ್ನು ಯಾರೂ ಮಾಡುವುದಿಲ್ಲ. ರೋಗದ ಮೂಲವನ್ನೇ ಬುಡದಲ್ಲಿ ಇಟ್ಟುಕೊಂಡು ಮೇಲೆ ಮದ್ದು ಹೊಡೆದರೆ ಎಷ್ಟು ಪ್ರಯೋಜನ?

ಒಂದು ಎಚ್ಚರಿಕೆ: ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ಎರೆಹುಳಕ್ಕೆ ಅದು ಒಗ್ಗದು. ಬೇಕಾದಷ್ಟು ಸರಿ, ನಾಲ್ಕನೇ ಮದ್ದು ಐದನೇ ಮದ್ದು ಎಂದು ಹೊಡೆಯುತ್ತಾ ಹೋಗಬೇಡಿ.

ಸೊಪ್ಪು, ದರಕು (ಒಣಗಿದ ಎಲೆ) ತರಲು ಆಳಿಲ್ಲ. ಚೀಲದ ಗೊಬ್ಬರ ಹಾಕಿ ಸುಮ್ಮನಾದರೆ ಸಾಲದಾ?

ನಮ್ಮ ಘಟ್ಟದ ಮೇಲಿನ ಕೃಷಿಯ ಜೀವ ಇರುವುದೇ ಸೊಪ್ಪಿನ ಬೆಟ್ಟದಲ್ಲಿ. ಬ್ರಿಟಿಷರ ಕಾಲದಿಂದ ಬಂದ ಲೆಕ್ಕದಂತೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಆ ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಹಾಸಾಗಿ, ಸಗಣಿ ಗಂಜಲದ ಜತೆ ಗೊಬ್ಬರವಾಗಿ ತೋಟ ಸೇರುತ್ತದೆ. ಒಂದು ಎಕರೆ ಹಸಿರಾಗಿರಲು ಒಂಬತ್ತು ಎಕರೆ ಕಾಡು ದುಡಿಯಬೇಕು ಎಂದು ಒಪ್ಪಿಕೊಂಡ ವ್ಯವಸ್ಥೆ ಬೇರೆ ಎಲ್ಲಿದೆ?

ಈಗ ಲ್ಯಾಬಿನ ಲೆಕ್ಕ. ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಸಂಶೋಧನಾ ಕೇಂದ್ರಗಳ ಶಿಫಾರಸು. ಆದರೆ ಆ ವಾಕ್ಯ ಅಲ್ಲಿಗೇ ಮುಗಿಯುವುದಿಲ್ಲ. ಜತೆಗೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕಾಂಪೋಸ್ಟ್ ಕೊಡಿ ಎಂದೂ ಇದೆ. ಅಂಗಡಿಯವರು ಮೊದಲ ಅರ್ಧ ಮಾತ್ರ ಹೇಳುತ್ತಾರೆ.

ಸೊಪ್ಪು ಯಾಕೆ ಬೇಕೇಬೇಕು? ಮಳೆಯ ಕಾರಣಕ್ಕೆ. ಘಟ್ಟದ ಮೇಲೂ ಕೆಳಗೂ ಇಷ್ಟು ನೀರು ಬೀಳುವಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣಿನಿಂದ ಪೊಟ್ಯಾಷ್, ಸುಣ್ಣದಂಶ ತೊಳೆದು ಹೋಗುತ್ತವೆ. ಮಣ್ಣು ಹುಳಿಯಾಗುತ್ತದೆ. ಕೊಳೆತ ಸೊಪ್ಪಿನ ಕಪ್ಪು ಅಂಶ ಮಾತ್ರ ಗೊಬ್ಬರವನ್ನು ಹಿಡಿದಿಡುತ್ತದೆ. ಅದಿಲ್ಲದ ತೋಟಕ್ಕೆ ಆಷಾಢದಲ್ಲಿ ಪೊಟ್ಯಾಷ್ ಸುರಿದರೆ ಅದು ಬಸಿಗಾಲುವೆ ಹಿಡಿದು ಸಮುದ್ರ ಸೇರುತ್ತದೆ. ಆದ್ದರಿಂದ ಚೀಲದ ಗೊಬ್ಬರ ಹಾಕುವುದಾದರೂ ಮಳೆಗೆ ಮುಂಚೆ ಒಂದು ಕಂತು, ಮಳೆ ಇಳಿದ ಮೇಲೆ ಒಂದು ಕಂತು.

ಒಲೆ ಬೂದಿಯನ್ನು ತೋಟಕ್ಕೆ ಚೆಲ್ಲುತ್ತಿದ್ದದ್ದು ಕಸ ವಿಲೇವಾರಿ ಅಂದುಕೊಂಡಿರಾ? ಬೂದಿಯಲ್ಲಿ ಪೊಟ್ಯಾಷ್ ಇದೆ, ಹುಳಿಯನ್ನು ಇಳಿಸುವ ಗುಣವೂ ಇದೆ. ಆದರೆ ಗಂಜಲಕ್ಕೋ ಯೂರಿಯಾಕ್ಕೋ ಬೂದಿ ಬೆರೆಸಬೇಡಿ. ಮೂಗಿಗೆ ಘಾಟು ಬಡಿಯಿತು ಎಂದರೆ ಸಾರಜನಕ ಗಾಳಿಗೆ ಹೋಯಿತು.

ಇನ್ನೊಂದು ಮಾತು, ಕೆಲವರಿಗೆ ಹಿಡಿಸದೇ ಇರಬಹುದು. ಬೆಟ್ಟ ಇದೆ ಎಂದು ಬೋಳಿಸುವುದು ಸಂಪ್ರದಾಯ ಅಲ್ಲ. ತುದಿ ಬಿಟ್ಟು, ಸರದಿ ಪ್ರಕಾರ ಸವರಿ, ಮರಕ್ಕೆ ಚಿಗುರಲು ಬಿಡುವು ಕೊಟ್ಟವರ ಬೆಟ್ಟ ಇವತ್ತಿಗೂ ಬೆಟ್ಟವಾಗಿದೆ. ಉಳಿದವರದ್ದು ಬರೀ ಹುಲ್ಲಿನ ಬೇಣವಾಗಿದೆ.

ಜೀವಾಮೃತ ಒಂದೇ ಸಾಕು ಅಂತಾರೆ. ನಿಜವಾ?

ಕೂತು ಲೆಕ್ಕ ಹಾಕೋಣ. ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರ್ ಅವರ ಪ್ರಕಾರ ಎಕರೆಗೆ 200 ಲೀಟರ್ ನೀರಿಗೆ 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಇಷ್ಟರಲ್ಲಿ ಇರುವ ಸಾರಜನಕ ಅಂದಾಜು 200 ಗ್ರಾಂ. ತಿಂಗಳಿಗೆ ಎರಡು ಸಲ ಕೊಟ್ಟರೂ ವರ್ಷಕ್ಕೆ 5 ಕಿಲೋ ಆಸುಪಾಸು. ಎಕರೆಗೆ 550 ಮರ, ಮರಕ್ಕೆ 100 ಗ್ರಾಂ ಎಂದರೆ 55 ಕಿಲೋ ಬೇಕು. ಹತ್ತನೇ ಒಂದು ಪಾಲೂ ಆಗಲಿಲ್ಲ.

ಹಾಗಂತ ಅದು ಸುಳ್ಳಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದರ ಕೆಲಸ. ಹೆಪ್ಪು ಎಷ್ಟೇ ಒಳ್ಳೆಯದಿದ್ದರೂ ಹಾಲು ಇಲ್ಲದೆ ಮೊಸರಾಗದು. ಸೊಪ್ಪು, ದರಕು, ಸೋಗೆ ದಪ್ಪಕ್ಕೆ ಹೊದೆಸಿದ ತೋಟದಲ್ಲಿ ಸೂಕ್ಷ್ಮಜೀವಿಗಳಿಗೆ ಮೇಯಲು ಏನಾದರೂ ಇರುತ್ತದೆ. ಬೋಳು ನೆಲಕ್ಕೆ ಹೊಯ್ದು 'ಏನೂ ಆಗಲಿಲ್ಲ' ಎಂದು ಬೈಯುವವರನ್ನೂ, ಅದೊಂದರಿಂದಲೇ ಎಲ್ಲ ಆಯಿತು ಎನ್ನುವವರನ್ನೂ ನಾನು ಪೂರ್ತಿ ನಂಬುವುದಿಲ್ಲ.

ಮಳೆ ನಕ್ಷತ್ರದ ಲೆಕ್ಕ ಮೂಢನಂಬಿಕೆನಾ?

ಪಂಚಾಂಗ ಚೆನ್ನಾಗಿದೆ, ಭವಿಷ್ಯ ಅಷ್ಟು ಚೆನ್ನಾಗಿಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ ಎಂಬ ಮಳೆಗಳು ಸೂರ್ಯನ ಲೆಕ್ಕ. 27 ನಕ್ಷತ್ರ, ಒಂದೊಂದಕ್ಕೆ 13–14 ದಿನ. ಹಾಗಾಗಿ ಮೃಗಶಿರಾ ಪ್ರತಿ ವರ್ಷ ಜೂನ್ 7–8ಕ್ಕೇ ಹುಟ್ಟುತ್ತದೆ, ಮುಂಗಾರು ನಮ್ಮ ಕರಾವಳಿ ಮುಟ್ಟುವ ಹೊತ್ತಿಗೆ. ಚಂದ್ರನ ತಿಥಿ ಹಿಡಿದು ಬಿತ್ತಿದ್ದರೆ ಅಧಿಕ ಮಾಸ ಬಂದ ವರ್ಷ ಬೀಜ ಹಾಳಾಗುತ್ತಿತ್ತು. ಹಿರಿಯರು ಹಬ್ಬಕ್ಕೆ ಚಂದ್ರನನ್ನೂ ಬೇಸಾಯಕ್ಕೆ ಸೂರ್ಯನನ್ನೂ ಹಿಡಿದದ್ದು ಬಹಳ ಬುದ್ಧಿವಂತಿಕೆ. (ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ತೊನೆಯುವ ಕಾರಣ ಈ ನಕ್ಷತ್ರದ ತಾರೀಕು ಸುಮಾರು 72 ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತದೆ. ನಮ್ಮ ಜೀವಮಾನಕ್ಕೆ ಅದು ಲೆಕ್ಕಕ್ಕಿಲ್ಲ.)

ಆದರೆ ಈ ವಾರ ಮದ್ದು ಹೊಡೆಯಲು ಎರಡು ದಿನ ಬಿಸಿಲು ಸಿಗುತ್ತದಾ ಎಂದು ಪುನರ್ವಸು ಹೇಳುವುದಿಲ್ಲ. ಅದಕ್ಕೆ ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಇದೆ, ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಸಲಹೆ ಇದೆ. ಗಾದೆಗಳನ್ನು ತುಸು ಜೋಪಾನವಾಗಿ ಬಳಸಿ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎನ್ನುವುದು ಬಯಲುಸೀಮೆಯ ಮಾತು. ನಮ್ಮಲ್ಲಿ ಜೋಳ ಎಲ್ಲಿದೆ?

ಮನೆ ಅಂಗಳದಲ್ಲಿ ಒಂದು ಮಳೆ ಮಾಪಕ ಇಟ್ಟು, ಪ್ರತಿ ದಿನ ಬೆಳಿಗ್ಗೆ 8.30ಕ್ಕೆ ಬರೆದಿಡಿ. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುತ್ತದೆ. ನಕ್ಷತ್ರದ ಹೆಸರಿನ ಕೆಳಗೆ ಮಿಲಿಮೀಟರ್ ಬರೆದ ಡೈರಿ ನಾಲ್ಕಾರು ವರ್ಷ ಆದ ಮೇಲೆ ಚಿನ್ನ.

ಕಗ್ಗದಂತಹ ಹಳೆ ಭತ್ತದಿಂದ ಇಳುವರಿ ಕಡಿಮೆ. ಉಳಿಸಿ ಏನು ಸಿಗುತ್ತದೆ?

ಅಘನಾಶಿನಿ ಅಳಿವೆಯ ಮಾಣಿಕಟ್ಟದ ಕಡೆ ಹೋಗಿ ನೋಡಿ. ಗಜನಿ ಗದ್ದೆಗೆ ಭರತದಲ್ಲಿ ಉಪ್ಪುನೀರು ನುಗ್ಗುತ್ತದೆ. ಅಲ್ಲಿ ಬೇರೆ ಭತ್ತ ಸುಟ್ಟು ಹೋಗುತ್ತದೆ, ಕಗ್ಗ ನಿಲ್ಲುತ್ತದೆ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ತಲೆ ಎತ್ತುತ್ತದೆ. ಭತ್ತದ ತುದಿಯ ಉದ್ದ ಮೀಸೆಯಿಂದ ಹಕ್ಕಿಕಾಟವೂ ಕಡಿಮೆ. ಮೊದಲ ಮಳೆಗಳು ಗದ್ದೆಯ ಉಪ್ಪು ತೊಳೆದ ಮೇಲೆ ಮೊಳಕೆ ಬೀಜ ಬಿತ್ತಿದರೆ ಮುಗಿಯಿತು, ಗೊಬ್ಬರ ಇಲ್ಲ, ಮದ್ದು ಇಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಉಳಿದ ಹುಲ್ಲು ಕೂಳೆ ಕೊಳೆತು ಮೀನು ಸಿಗಡಿಗೆ ಆಹಾರ.

ಇಳುವರಿಯನ್ನು ಕ್ವಿಂಟಲ್ ಭತ್ತದಲ್ಲಿ ಮಾತ್ರ ಅಳೆದರೆ ಕಗ್ಗ ಸೋಲುತ್ತದೆ. ಭತ್ತ, ಮೀನು, ಖರ್ಚು ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ವರ್ಷವಿಡೀ ಉಪ್ಪುನೀರು ನಿಲ್ಲಿಸಿ ಬರೀ ಸಿಗಡಿ ಮಾಡಲು ಹೋದವರಿಗೆ 1990ರ ದಶಕದ ಬಿಳಿಚುಕ್ಕೆ ರೋಗ ಕಲಿಸಿದ ಪಾಠ ಕರಾವಳಿಯಲ್ಲಿ ಎಲ್ಲರಿಗೂ ನೆನಪಿದೆ.

ವಿಜ್ಞಾನಿಗಳಿಗೆ ಇಂಥ ತಳಿ ಯಾಕೆ ಬೇಕು ಗೊತ್ತಾ? ಕೇರಳದ ಪೊಕ್ಕಾಲಿ ಕೂಡ ಹೀಗೇ ಉಪ್ಪುನೀರಿನ ಭತ್ತ. ಅದರ ಒಂದನೇ ವರ್ಣತಂತುವಿನಲ್ಲಿ ಸಿಕ್ಕ 'ಸಾಲ್ಟಾಲ್' ಎಂಬ ಭಾಗವನ್ನು ಹೆಚ್ಚು ಇಳುವರಿಯ ತಳಿಗಳಿಗೆ ಸೇರಿಸಿ ಉಪ್ಪು ತಡೆಯುವ ಭತ್ತ ಮಾಡಿದ್ದಾರೆ. ಪೊಕ್ಕಾಲಿಯನ್ನು ಯಾರೂ ಬೆಳೆಯದೆ ಬಿಟ್ಟಿದ್ದರೆ ಹುಡುಕಲು ಏನಿರುತ್ತಿತ್ತು? ಸಮುದ್ರದ ನೀರು ಒಳಕ್ಕೆ ಬರುತ್ತಿರುವ ಈ ಕಾಲದಲ್ಲಿ ಕಗ್ಗ ಬೆಳೆಯುವವರು ನಮಗೆಲ್ಲ ಉಪಕಾರ ಮಾಡುತ್ತಿದ್ದಾರೆ. ಅಘನಾಶಿನಿ ಅಳಿವೆಗೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶ ಎಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು, ಸಂತೋಷ. ಒಡೆದ ಗಜನಿ ಕಟ್ಟೆ ರಿಪೇರಿಗೂ ಅಷ್ಟೇ ಉತ್ಸಾಹ ಸಿಗಲಿ.

ತೆಂಗಿನ ಸುಳಿಗೆ ಉಪ್ಪು ಹಾಕುವುದು ಸರಿಯಾ?

ತೆಂಗಿಗೆ ಕ್ಲೋರಿನ್ ಪೋಷಕಾಂಶವಾಗಿಯೇ ಬೇಕು, ಆದ್ದರಿಂದ ಉಪ್ಪು ಕೊಡುವುದರಲ್ಲಿ ಅರ್ಥ ಇದೆ. ಆದರೆ ಕಾರವಾರ, ಅಂಕೋಲಾದ ಕಡಲ ಬದಿಯ ಮರಗಳಿಗೆ ಗಾಳಿಯೇ ಉಪ್ಪು ತರುತ್ತದೆ. ಕುರುವಾಯಿ ದುಂಬಿಗಾದರೆ ಮರಳು ಮತ್ತು ಬೇವಿನ ಹಿಂಡಿ ಸಮ ಸಮ ಬೆರೆಸಿ ಸುಳಿಯ ಹತ್ತಿರದ ಎಲೆ ಸಂದಿಗೆ ತುಂಬುವುದು ಒಳ್ಳೆಯದು. ಅದಕ್ಕಿಂತ ಮುಖ್ಯ, ದುಂಬಿ ಮೊಟ್ಟೆ ಇಡುವುದು ನಿಮ್ಮದೇ ಗೊಬ್ಬರ ಗುಂಡಿಯಲ್ಲಿ. ಗೊಬ್ಬರ ಮಗುಚುವಾಗ ದಪ್ಪ ಬಿಳಿ ಹುಳ ಕಂಡರೆ ಆರಿಸಿ ಕೋಳಿಗೆ ಹಾಕಿ.

ಕಾಳುಮೆಣಸಿನ ಸೊರಗು ರೋಗಕ್ಕೆ ಹಳೆ ತಳಿ ಒಳ್ಳೆಯದಾ, ಕಸಿ ಒಳ್ಳೆಯದಾ?

ಎರಡೂ ಬೇಕು. ಇದೂ ಕೊಳೆಯ ದಾಯಾದಿಯೇ, ಫೈಟಾಫ್ತೊರಾ. ನೀರು ನಿಲ್ಲುವ ತಗ್ಗಿನಲ್ಲಿ ಕೊಲುಬ್ರಿನಮ್ ಎಂಬ ಕಾಡುಮೆಣಸಿನ ಬೇರಿನ ಮೇಲೆ ಊರಿನ ಮಲ್ಲಿಸರ ತಳಿಯನ್ನು ಕಸಿ ಕಟ್ಟಿದ ಗಿಡ ಬಾಳುತ್ತದೆ. ಆದರೆ ಆ ಬೇರು ಬೇಸಿಗೆಯ ಬರ ತಡೆಯದು, ನೀರಿದ್ದರೆ ಮಾತ್ರ ನೆಡಿ. ದಿಬ್ಬದಲ್ಲಿ ಸಾದಾ ಬಳ್ಳಿ ಸಾಕು.

ಟ್ರೈಕೋಡರ್ಮಾ ಹಾಕುವವರು ಒಂದು ನೆನಪಿಡಿ. ಅದು ಉಪಕಾರಿ ಶಿಲೀಂಧ್ರ, ಬೋರ್ಡೋ ಆದರೋ ಶಿಲೀಂಧ್ರವನ್ನೇ ಕೊಲ್ಲುವ ಮದ್ದು. ಇವತ್ತು ಬುಡಕ್ಕೆ ಟ್ರೈಕೋಡರ್ಮಾ, ನಾಳೆ ಅದೇ ಬುಡಕ್ಕೆ ಬೋರ್ಡೋ ಸುರಿದರೆ ಎರಡಕ್ಕೂ ಕೊಟ್ಟ ದುಡ್ಡು ಹೋಯಿತು. ನಡುವೆ ಕೆಲವು ವಾರ ಅಂತರ ಇರಲಿ.

ಅಮಾವಾಸ್ಯೆಗೆ ಕಡಿದ ಬಿದಿರಿಗೆ ಹುಳ ಬೀಳುವುದಿಲ್ಲ ಅಂತಾರಲ್ಲ?

ಹುಳ ಬರುವುದು ಬಿದಿರಿನ ಪಿಷ್ಟ ತಿನ್ನಲು. ಪಿಷ್ಟ ಎಷ್ಟಿದೆ ಎಂಬುದಕ್ಕೆ ಋತು ಮತ್ತು ಬಿದಿರಿನ ವಯಸ್ಸು ಮುಖ್ಯ, ಚಂದ್ರನ ಪಾತ್ರಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಕಡಿದ ಬಿದಿರನ್ನು ಹಳ್ಳದಲ್ಲಿ ಕೆಲವು ವಾರ ಮುಳುಗಿಸಿಡುವ ಪದ್ಧತಿ ಮಾತ್ರ ನೂರಕ್ಕೆ ನೂರು ಸರಿ. ನೀರು ಪಿಷ್ಟವನ್ನು ಎಳೆದು ತೆಗೆಯುತ್ತದೆ. ಅದನ್ನು ಬಿಟ್ಟು ಅಮಾವಾಸ್ಯೆಯನ್ನು ಮಾತ್ರ ಹಿಡಿದುಕೊಂಡಿದ್ದೇವೆ.

ಶಾಲೆಗೆ ಹೋಗದವರ ತಿಳಿವಳಿಕೆಯನ್ನು ವಿಜ್ಞಾನಿಗಳು ಒಪ್ಪುತ್ತಾರಾ?

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನಪಿಸಿಕೊಳ್ಳಿ. ಹಾಲಕ್ಕಿ ಸಮುದಾಯದ ಇವರು ಶಾಲೆ ಕಂಡವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದರು. ಪ್ರತಿ ಜಾತಿಯಲ್ಲೂ ತಾಯಿ ಮರ ಯಾವುದು, ಅದರ ಬೀಜವನ್ನು ಯಾವಾಗ ಆರಿಸಬೇಕು ಎಂಬುದರಲ್ಲಿ ಅವರ ಮಾತೇ ಕೊನೆ. ಒಳ್ಳೆಯ ಮರ ಗುರುತಿಸಿ ಅದರದ್ದೇ ಬೀಜ ತೆಗೆಯುವುದನ್ನು ಅರಣ್ಯ ಕಾಲೇಜುಗಳಲ್ಲೂ ಪಾಠ ಮಾಡುತ್ತಾರೆ. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಷ್ಟು ವರ್ಷದ ತಿಳಿವಳಿಕೆಯಲ್ಲಿ ಎಷ್ಟನ್ನು ಬರೆದಿಟ್ಟಿದ್ದೇವೆ ಎಂಬುದು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ. ನಿಮ್ಮ ಊರಿನ ಹಿರಿಯರ ಹತ್ತಿರ ಇಂದೇ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಿ. ಪಂಚಾಯಿತಿಯಲ್ಲಿ ಜೀವವೈವಿಧ್ಯ ದಾಖಲಾತಿ ಇರಬೇಕು ಎಂದು 2002ರ ಕಾಯಿದೆಯ ವ್ಯವಸ್ಥೆ ಇದೆ. ನಿಮ್ಮ ಪಂಚಾಯಿತಿಯದ್ದನ್ನು ತೆರೆದು ನೋಡಿ, ನಿಮ್ಮ ಮಾವು, ನಿಮ್ಮ ಭತ್ತ ಅದರಲ್ಲಿ ಇದೆಯಾ ಎಂದು.

ನಮ್ಮ ತಳಿಯನ್ನು ಬೇರೆಯವರು ತಮ್ಮದು ಎಂದುಬಿಟ್ಟರೆ?

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಡಿ ರೈತರೇ ತಮ್ಮ ತಳಿ ನೋಂದಾಯಿಸಬಹುದು. ಬೀಜ ಇಟ್ಟುಕೊಳ್ಳುವ, ಹಂಚುವ, ಬ್ರ್ಯಾಂಡ್ ಹಾಕದೆ ಮಾರುವ ಹಕ್ಕೂ ಇದೆ. ಶಿರಸಿ ಸುಪಾರಿಗೆ 2019ರಲ್ಲಿ, ಅಂಕೋಲಾದ ಕರಿ ಈಶಾಡು ಮಾವಿಗೆ 2023ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಬೇರೆ ವಿಷಯ. ಅದು ಹೆಸರನ್ನು ಕಾಯುತ್ತದೆ, ಬೀಜವನ್ನಲ್ಲ.

ನನ್ನ ತೋಟದಲ್ಲೇ ಪರೀಕ್ಷೆ ಮಾಡುವುದು ಹೇಗೆ?

ಒಂದೇ ವಯಸ್ಸಿನ, ಒಂದೇ ನೀರಿನ ಮರಗಳನ್ನು ಆರಿಸಿ. ಒಂದು ಸಾಲಿಗೆ ಹೊಸದು, ಪಕ್ಕದ ಸಾಲಿಗೆ ಹಳೆಯದು. ತೋಟದ ಮೂರು ಬೇರೆ ಕಡೆ ಹೀಗೆ ಮಾಡಿ, ಇಲ್ಲದಿದ್ದರೆ ಮಣ್ಣಿನ ಗುಣವನ್ನು ಮದ್ದಿನ ಗುಣ ಎಂದುಕೊಳ್ಳುತ್ತೀರಿ. ಮರಕ್ಕೆ ಬಣ್ಣದ ಗುರುತು ಹಾಕಿ. ಕೆಲಸದವರಿಗೆ ಯಾವುದು ಹೊಸದು ಎಂದು ಹೇಳದೆ ಉದುರಿದ ಕಾಯಿ ಎಣಿಸಲು ಹೇಳಿ. ಕೊಳೆ, ಎಲೆಚುಕ್ಕಿಯ ವಿಷಯ ಒಂದೇ ಮಳೆಗಾಲದಲ್ಲಿ ಸ್ವಲ್ಪ ತಿಳಿಯುತ್ತದೆ. ಗೊಬ್ಬರದ್ದು ಹಾಗಲ್ಲ. ಇವತ್ತಿನ ಗೊಬ್ಬರ ಇನ್ನೂ ಹೊರಗೆ ಕಾಣದ ಹಿಂಗಾರಕ್ಕೆ (ಅಡಿಕೆಯ ಹೂಗೊಂಚಲಿಗೆ) ಹೋಗುತ್ತದೆ, ಹಾಗಾಗಿ ಎರಡು ಮೂರು ಕೊಯ್ಲು ಕಾಯಬೇಕು. ಒಂದೇ ವರ್ಷಕ್ಕೆ 'ಇಳುವರಿ ಡಬಲ್' ಎನ್ನುವ ಬಾಟಲಿ ಮಾರುವವರನ್ನು ಅಂಗಳದಿಂದಲೇ ಕಳಿಸಿ.

ಮಣ್ಣು ಪರೀಕ್ಷೆಗೆ ಮಣ್ಣು ಹೇಗೆ ತೆಗೆಯಬೇಕು?

ಗೊಬ್ಬರ ಹಾಕುವ ಮೊದಲು, ಮಳೆ ಇಲ್ಲದಾಗ. ತೋಟದ ಹತ್ತು ಹನ್ನೆರಡು ಕಡೆ ದರಕು ಸರಿಸಿ ಗೇಣುದ್ದದ ಗುಂಡಿ ತೋಡಿ ಬದಿಯಿಂದ ಮಣ್ಣು ಕೆರೆಯಿರಿ. ಮರದ ಬುಡ, ಬಸಿಗಾಲುವೆ, ಗೊಬ್ಬರ ಗುಂಡಿಯ ಪಕ್ಕ ಬೇಡ. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡನ್ನು ಬಿಡುತ್ತಾ ಅರ್ಧ ಕಿಲೋಗೆ ಇಳಿಸಿ. ನೆರಳಿನಲ್ಲಿ ಒಣಗಿಸಿ ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಕೊಡಿ. ಚೀಟಿಯಲ್ಲಿ ಹೆಸರು, ಸರ್ವೆ ನಂಬರಿನ ಜತೆಗೆ ಆ ಜಾಗದಲ್ಲಿ ಮೊದಲು ಗದ್ದೆ ಇತ್ತೋ ಬೆಟ್ಟ ಇತ್ತೋ, ಹೊಸ ಮಣ್ಣು ಏರಿಸಿದ್ದು ಯಾವ ವರ್ಷ, ಮಳೆಗಾಲದಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ ಎಂದು ಅಪ್ಪಯ್ಯನನ್ನು ಕೇಳಿ ಬರೆಯಿರಿ. ಲ್ಯಾಬಿನವರ ಯಂತ್ರಕ್ಕೆ ಇದು ಯಾವುದೂ ಕಾಣುವುದಿಲ್ಲ.